ನನ್ನ ತಪ್ಪಿಗೆ ನಿಮ್ಮ ಪತ್ರಿಕೆಯೇ ಸಾಕ್ಷಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ವಿಡಿಯೊ ಗೇಮ್ ಸಂಗೀತದ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದರ ನಾಲ್ಕನೇ ಪ್ಯಾರಾದಲ್ಲಿ ಒಂದು ಹಳೆಯ ಆಟದ ಸಂಗೀತ ಸಂಯೋಜಕರೆಂದು ಒಬ್ಬರ ಹೆಸರು ಕೊಟ್ಟಿದ್ದೀರಲ್ಲ, ಅದು ತಪ್ಪು. ತಪ್ಪು ನಿಮ್ಮ ಲೇಖಕರದ್ದಲ್ಲ, ನನ್ನದು.

ಆರು ವರ್ಷದ ಹಿಂದೆ ಆ ಆಟದ ವಿಕಿ ಪುಟಕ್ಕೆ, ಅಂದರೆ ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲ ವಿಶ್ವಕೋಶದ ಪುಟಕ್ಕೆ, ಆ ಹೆಸರು ಸೇರಿಸಿದವನು ನಾನೇ. ನಿಮ್ಮವರು ಅಲ್ಲಿಂದಲೇ ಎತ್ತಿದ್ದಾರೆ ಎಂದು ಹೇಗೆ ಗೊತ್ತಾಯಿತು ಎಂದರೆ, ಪಕ್ಕದಲ್ಲೇ 'ಸದ್ದಿನ ಬಡತನದಲ್ಲಿ ಅರಳಿದ ಸಿರಿವಂತಿಕೆ' ಎಂಬ ಮಾತೂ ಇತ್ತು. ಅಷ್ಟು ಪೆದ್ದಾಗಿ ಹೊಸೆದ ಮಾತು ನನ್ನದಲ್ಲದೆ ಇನ್ನೊಬ್ಬರದ್ದಾಗಿರಲು ಸಾಧ್ಯವಿಲ್ಲ. ಆಟದ ಹೆಸರು, ಸರಿಯಾದ ಸಂಯೋಜಕರ ಹೆಸರು, ಪುರಾವೆಯ ಪ್ರತಿ ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಈ ಪತ್ರದಲ್ಲಿ ಬರೆದರೆ ತಪ್ಪು ಹೆಸರು ಮತ್ತೊಮ್ಮೆ ಅಚ್ಚಾಗುತ್ತದೆ, ಅದು ಬೇಡ.

ನಾನು ಮೂವತ್ತು ವರ್ಷ ಕರಡು ತಿದ್ದಿದವನು. ಗೇಮ್ ಆಡಿದವನಲ್ಲ. ಮಗಳು ಪಕ್ಕದ ಕೋಣೆಯಲ್ಲಿ ಆಡುತ್ತಿದ್ದಾಗ ಗೋಡೆ ದಾಟಿ ಬರುತ್ತಿದ್ದ ಸಂಗೀತ ಕೇಳಿ ಕೇಳಿ ಹುಚ್ಚು ಹತ್ತಿತು. ಕೊನೆಗೆ ಅವಳು ಯಾವ ಘಟ್ಟದಲ್ಲಿದ್ದಾಳೆ ಎಂಬುದೂ ಕಿವಿಗೇ ತಿಳಿಯುತ್ತಿತ್ತು. 'ಸೂಪರ್ ಮಾರಿಯೊ ಬ್ರದರ್ಸ್'ನಲ್ಲಿ ಸಮಯ 100ಕ್ಕಿಂತ ಕೆಳಗಿಳಿದ ಕೂಡಲೇ ಅದೇ ಟ್ಯೂನ್ ದಡಬಡ ಓಡತೊಡಗುತ್ತದೆ. "ಬೇಗ ಹೋಗೇ!" ಎಂದು ನಾನು ಈಚೆಯಿಂದ ಕೂಗುವುದು, "ಅಪ್ಪಾ, ಸುಮ್ನಿರಿ" ಎಂದು ಅವಳು ಆಚೆಯಿಂದ ಗದರುವುದು. ನಿವೃತ್ತಿಯಾದ ಮೇಲೆ ವಿಕಿಯಲ್ಲಿ ಈ ಸಂಗೀತದ ಬಗ್ಗೆ ಬರೆಯಲು ಕೂತೆ.

ಆ ತಪ್ಪು ಆದದ್ದು ಹೀಗೆ. ಆಟ ಮುಗಿದ ಮೇಲೆ ಹೆಸರುಗಳು ಪರದೆಯ ಮೇಲೆ ಉರುಳುತ್ತವೆ. ಮಗಳಿಗೆ ಆಟ ಮುಗಿಸಲು ಹೇಳಿ, ನಾನು ನೋಟ್‌ಬುಕ್ ಹಿಡಿದು ಕೂತಿದ್ದೆ. ಒಂದೊಂದು ಹೆಸರಿಗೂ "ನಿಲ್ಲಿಸು" ಅನ್ನುತ್ತಿದ್ದೆ, ಅವಳು ವಿಡಿಯೊ ನಿಲ್ಲಿಸುತ್ತಿದ್ದಳು. 'ಸೌಂಡ್' ಎಂಬ ತಲೆಬರಹದ ಕೆಳಗೆ ಒಂದೇ ಹೆಸರು ಬಂತು. ಸೌಂಡ್ ಅಂದರೆ ಸಂಗೀತ ತಾನೆ ಎಂದುಕೊಂಡು 'ಸಂಗೀತ ಸಂಯೋಜನೆ' ಎಂದು ಬರೆದುಬಿಟ್ಟೆ. ಎಷ್ಟೋ ದಿನದ ಮೇಲೆ ಆ ಆಟದ ಸಂಗೀತದ ಸಿಡಿ ಕೈಗೆ ಬಂತು. ಅದರ ಕಿರುಪುಸ್ತಿಕೆಯಲ್ಲಿ ಟ್ಯೂನ್ ಕಟ್ಟಿದವರು ಬೇರೆಯೇ ಇದ್ದರು. ನಾನು ಬರೆದ ಹೆಸರಿನವರು ಆ ಸ್ವರಗಳನ್ನು ಚಿಪ್ ನುಡಿಸುವಂತೆ ಪ್ರೋಗ್ರಾಮ್ ಬರೆದವರು. ಅದೇನು ಸಣ್ಣ ಕೆಲಸವಲ್ಲ, ಆದರೆ ಬೇರೆ ಕೆಲಸ.

ತಿದ್ದೋಣ ಎಂದು ವಿಕಿ ಪುಟ ತೆರೆದರೆ, ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ನನ್ನ ಸಾಲಿಗೆ ನಿಮ್ಮ ಪುರವಣಿಯ ಲೇಖನವನ್ನೇ ಉಲ್ಲೇಖವಾಗಿ ಅಂಟಿಸಿದ್ದರು. ಆರು ವರ್ಷ 'ಉಲ್ಲೇಖ ಬೇಕು' ಎಂಬ ಹಣೆಪಟ್ಟಿ ಹೊತ್ತು ನಿಂತಿದ್ದ ಸಾಲಿಗೆ ರಾತ್ರೋರಾತ್ರಿ ಮರ್ಯಾದೆ ಬಂದುಬಿಟ್ಟಿತ್ತು. ನಾನು ಅಳಿಸಿದೆ. ಗಂಟೆಯೊಳಗೆ ವಾಪಸ್ ಬಂತು. ಚರ್ಚೆ ಪುಟದಲ್ಲಿ ಸಿಡಿ ಪುಸ್ತಿಕೆಯ ವಿವರ ಕೊಟ್ಟೆ. ಸಾಲನ್ನು ವಾಪಸ್ ಹಾಕಿದ್ದ ವಿಕಿ ಸಂಪಾದಕರು ಬಹಳ ಸೌಜನ್ಯದಿಂದಲೇ ಉತ್ತರ ಕೊಟ್ಟರು: ಪುಸ್ತಿಕೆ ಆಟದ ಕಂಪನಿಯದ್ದೇ ಪ್ರಕಟಣೆ, ಪತ್ರಿಕೆ ಸ್ವತಂತ್ರ ಮೂಲ, ಎರಡನ್ನೂ ಇಡೋಣ. ಈಗ ಪುಟದಲ್ಲಿ 'ಕೆಲವು ಮೂಲಗಳ ಪ್ರಕಾರ ಇವರು, ಇನ್ನು ಕೆಲವು ಮೂಲಗಳ ಪ್ರಕಾರ ಅವರು' ಎಂದಿದೆ. ನನ್ನ ಕಣ್ತಪ್ಪು ಬಡ್ತಿ ಪಡೆದು ಒಂದು ಅಭಿಪ್ರಾಯಭೇದವೇ ಆಗಿಹೋಗಿದೆ! ಅವರನ್ನು ದೂರುವಂತಿಲ್ಲ. ಆ 'ಸ್ವತಂತ್ರ ಮೂಲ' ನನ್ನ ನೋಟ್‌ಬುಕ್ಕೇ ಎಂದು ಅವರಿಗೆ ನಂಬಿಸುವುದು ಹೇಗೆ?

ನಿಮ್ಮ ಲೇಖಕರು ಈ ಸಂಗೀತದ ಬಗ್ಗೆ ಮುಂದೆಯೂ ಬರೆಯಬಹುದು. ಅವರ ಬರಹ ಓದಿ ವಿಕಿಗೆ ಹೊಸಬರೂ ಬರಬಹುದು. ಅದಕ್ಕೇ ನಾನು ಸುಟ್ಟುಕೊಂಡು ಕಲಿತ ಒಂದೆರಡು ಸಂಗತಿ ಹೇಳಿಬಿಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಹೆಸರಿನಲ್ಲೇ. 1980ರ ದಶಕದಲ್ಲಿ ಜಪಾನಿನ ಗೇಮ್ ಕಂಪನಿ ಕ್ಯಾಪ್‌ಕಾಮ್‌ನ ಆಟಗಳಲ್ಲಿ ಸಂಗೀತ ಮಾಡಿದವರ ನಿಜನಾಮ ಪರದೆಗೆ ಬರುತ್ತಿದ್ದುದೇ ಅಪರೂಪ, ಅಡ್ಡಹೆಸರುಗಳದ್ದೇ ರಾಜ್ಯ. 1987ರ 'ಮೆಗಾ ಮ್ಯಾನ್'ನಲ್ಲಿ ಸಂಗೀತ ಮನಾಮಿ ಮತ್ಸುಮಾಯೆ ಅವರದು, ಪರದೆಯಲ್ಲಿ ಕಾಣುವುದು 'ಚಾಂಚಾಕೊರಿನ್ ಮನಾಮಿ'. ಅದನ್ನೇ ಹೆಸರೆಂದು ಬರೆದರೆ ಒಬ್ಬ ಸಂಯೋಜಕಿ ಇಬ್ಬರಾಗುತ್ತಾರೆ. ಇನ್ನು 1989ರಲ್ಲಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದ 'ಟೆಟ್ರಿಸ್' ನೋಡಿ. ಸಂಗೀತ ಹಿರೋಕಾಜು ತನಾಕಾ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಆದರೆ ಲೋಕವೆಲ್ಲ ಗುನುಗುವ 'ಎ' ಟ್ಯೂನ್ ರಷ್ಯಾದ ಜನಪದ ಗೀತೆ, ಅದರ ಸಾಹಿತ್ಯ 1861ರ ನೆಕ್ರಾಸೊವ್ ಕವಿತೆಯದು. 'ಸಿ' ಟ್ಯೂನ್ ಜರ್ಮನಿಯ ಹಳೆಯ ಸಂಯೋಜಕ ಬಾಖ್‌ನದ್ದು. ಇವೆರಡರಲ್ಲಿ ತನಾಕಾ ಅವರದು ಯಂತ್ರಕ್ಕೆ ಒಗ್ಗಿಸಿದ ಕೆಲಸ. ಸಂಯೋಜನೆ, ಅಳವಡಿಕೆ, ಧ್ವನಿ ಪ್ರೋಗ್ರಾಮಿಂಗ್ ಎಂದು ಮೂರು ಬೇರೆ ಸಾಲು ಹಾಕಲು ಎಷ್ಟು ಜಾಗ ಬೇಕು? ಯಾವ ಸಾಲಿಗೆ ಪುರಾವೆ ಇಲ್ಲವೋ ಅದನ್ನು ಖಾಲಿ ಬಿಡಬೇಕು. ನನ್ನಂಥವರಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ, ಅದೇ ಕಷ್ಟ.

ಗಾಳಿಸುದ್ದಿಯನ್ನು ಬಿಡಲೂ ಆಗದೆ ನುಂಗಲೂ ಆಗದೆ ಒದ್ದಾಡುವ ಸಂದರ್ಭವೂ ಬರುತ್ತದೆ. 1994ರ 'ಸೋನಿಕ್ 3'ಕ್ಕೆ ಮೈಕಲ್ ಜಾಕ್ಸನ್ ಸಂಗೀತ ಮಾಡಿದ್ದರು ಎಂಬ ಮಾತು ಬಹಳ ಹಳೆಯದು. ಆಟದ ಹೆಸರುಪಟ್ಟಿಯಲ್ಲಿ ಅವರಿಲ್ಲ. ಅವರ ಜೊತೆ ಕೆಲಸ ಮಾಡುತ್ತಿದ್ದ ಬ್ರಾಡ್ ಬಕ್ಸರ್ ಇದ್ದಾರೆ. ಬಕ್ಸರ್ 2009ರ ಸಂದರ್ಶನದಲ್ಲಿ ಜಾಕ್ಸನ್ ಪಾತ್ರವಿತ್ತು ಎಂದರು. ಆಟದ ಸೃಷ್ಟಿಕರ್ತರಲ್ಲೊಬ್ಬರಾದ ಯೂಜಿ ನಾಕಾ 2022ರಲ್ಲಿ ಅದಕ್ಕೆ ದನಿಗೂಡಿಸಿದರು. ವಿಕಿಯಲ್ಲಿ ಬರೆಯಬೇಕಾದದ್ದು ಇಷ್ಟೇ: ಪಟ್ಟಿಯಲ್ಲಿ ಇಲ್ಲ, ಇಂಥವರು ಇಂಥ ವರ್ಷ ಹೀಗೆ ಹೇಳಿದರು. 'ಸಂಗೀತ: ಮೈಕಲ್ ಜಾಕ್ಸನ್' ಎಂದು ಪುಟದ ಮಾಹಿತಿ ಪೆಟ್ಟಿಗೆಯಲ್ಲಿ ತುಂಬುವಂತಿಲ್ಲ. ಇಲ್ಲಿ 'ಇಂಥವರ ಪ್ರಕಾರ' ಎನ್ನುವುದು ಸರಿ, ಹೇಳಿದವರು ಅಲ್ಲಿ ಇದ್ದವರು. ನನ್ನ ಪ್ರಕರಣದಲ್ಲಿ ಸರಿಯಲ್ಲ, ಹೇಳಿದವನು ಗೋಡೆಯಾಚೆ ಇದ್ದವನು.

ಪ್ರಶಸ್ತಿಗಳ ವಿಷಯದಲ್ಲೂ ಅಷ್ಟೇ. 'ಸಿವಿಲೈಸೇಷನ್ 4' ಆಟಕ್ಕೆ ಗ್ರ್ಯಾಮಿ ಬಂತು ಎಂದು ಎಷ್ಟು ಕಡೆ ಓದಿದ್ದೇನೋ. ಕ್ರಿಸ್ಟೊಫರ್ ಟಿನ್ 2005ರ ಆ ಆಟಕ್ಕೆ 'ಬಾಬಾ ಯೇತು' ಮಾಡಿದ್ದು ನಿಜ, ಅದಕ್ಕೆ 2011ರಲ್ಲಿ ಗ್ರ್ಯಾಮಿ ಬಂದದ್ದೂ ನಿಜ. ಬಂದದ್ದು ಅವರ ಆಲ್ಬಮ್‌ನಲ್ಲಿದ್ದ ರೂಪಕ್ಕೆ, ಗಾಯನಕ್ಕೆ ಜೊತೆಯಾಗುವ ವಾದ್ಯಗಳ ಅಳವಡಿಕೆಯ (ಅರೇಂಜ್‌ಮೆಂಟ್) ವಿಭಾಗದಲ್ಲಿ.

ಇನ್ನು ವರ್ಣನೆ. ನಾನು ಒಂದು ಟ್ಯೂನ್ ಬಗ್ಗೆ 'ಕೇಳಿದರೆ ಮಳೆ ನಿಂತ ಮೇಲಿನ ಬೀದಿ ನೆನಪಾಗುತ್ತದೆ' ಎಂದು ಬರೆದಿದ್ದೆ. ಮರುದಿನ ಆ ಸಾಲು ಮಾಯ. ತೆಗೆದವರು ಕಾರಣದ ಜಾಗದಲ್ಲಿ ಒಂದೇ ಪದ ಬರೆದಿದ್ದರು: 'ಯಾರಿಗೆ?' ಎರಡು ದಿನ ಕೋಪ ಇತ್ತು. ಮೂರನೇ ದಿನ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ಎಂದು ಒಪ್ಪಿಕೊಂಡೆ. ನನ್ನ ಕಿವಿ ವಿಶ್ವಕೋಶಕ್ಕೆ ಮೂಲವಲ್ಲ.

ಹಾಗಂತ ಬರಹ ಸಪ್ಪೆಯಾಗಬೇಕಿಲ್ಲ. 1978ರ 'ಸ್ಪೇಸ್ ಇನ್ವೇಡರ್ಸ್' ಬಗ್ಗೆ 'ರೋಮಾಂಚಕ ಸಂಗೀತ' ಎಂದರೆ ಏನೂ ಹೇಳಿದಂತಾಗಲಿಲ್ಲ. ನಾಲ್ಕೇ ಸ್ವರ, ಮೇಲಿಂದ ಕೆಳಗಿಳಿಯುತ್ತವೆ, ಸುಮ್ಮನೆ ಮರುಕಳಿಸುತ್ತವೆ, ಶತ್ರುಗಳು ಕಡಿಮೆಯಾದಂತೆ ಬಡಿತ ಚುರುಕಾಗುತ್ತದೆ ಎಂದು ಬರೆಯಿರಿ, ಓದುಗನ ಎದೆ ತಾನೇ ಬಡಿದುಕೊಳ್ಳುತ್ತದೆ. ಮಾರಿಯೊ ಸಂಗೀತಕ್ಕೂ ವಿಶೇಷಣ ಬೇಕಿಲ್ಲ. ಆ ಆಟ ಓಡುತ್ತಿದ್ದ ನಿಂಟೆಂಡೊ ಕಂಪನಿಯ ಎನ್‌ಇಎಸ್ ಯಂತ್ರದ ಧ್ವನಿ ಚಿಪ್‌ಗೆ ಐದೇ ಚಾನೆಲ್, ಅಂದರೆ ಒಮ್ಮೆಗೆ ಐದೇ ಎಳೆ ಸದ್ದು: ಎರಡು ಪಲ್ಸ್ ಅಲೆ, ಒಂದು ತ್ರಿಕೋನ ಅಲೆ, ಒಂದು ಬರೀ ಗೊರಗೊರ ಸದ್ದು, ಇನ್ನೊಂದು ಚಿಕ್ಕಚಿಕ್ಕ ಧ್ವನಿಮುದ್ರಣದ ತುಣುಕಿಗೆ. ಮಾರಿಯೊ ಸಂಗೀತ ಮಾಡಿದ ಕೊಜಿ ಕೊಂಡೊ ಅವರಿಗೆ ಸಿಕ್ಕಿದ್ದು ಇಷ್ಟು. ಅದರಲ್ಲೂ ಮಾರಿಯೊ ಹಾರಿದಾಗ ಬರುವ 'ಬೊಯಿಂಗ್' ಸದ್ದಿಗೆ ಒಂದು ಪಲ್ಸ್ ಚಾನೆಲ್ ಬಿಟ್ಟುಕೊಡಬೇಕು, ಆ ಕ್ಷಣ ಸಂಗೀತದ ಒಂದು ಎಳೆ ನಿಂತುಹೋಗುತ್ತದೆ. ಗೋಡೆಯಾಚೆಯಿಂದ ಕೇಳುವಾಗ ಟ್ಯೂನ್ ಅಲ್ಲಲ್ಲಿ ತೂತು ಬಿದ್ದ ಹಾಗೆ ಯಾಕೆ ಕೇಳುತ್ತದೆ ಎಂದು ನನಗೆ ವರ್ಷಗಟ್ಟಲೆ ಗೊತ್ತಿರಲಿಲ್ಲ. ತೂತು ಬಿದ್ದಷ್ಟು ಸಲ ಮಗಳು ಗುಂಡಿ ಒತ್ತಿದ್ದಾಳೆ. 'ಸದ್ದಿನ ಬಡತನ' ಎಂದು ನಾನು ಹೊಸೆಯುವ ಬದಲು ಇದನ್ನೇ ಬರೆದಿದ್ದರೆ ನಿಮ್ಮ ಲೇಖಕರಿಗೂ ಎತ್ತಲು ಒಳ್ಳೆಯ ಮಾಲು ಸಿಗುತ್ತಿತ್ತು.

ಹಾಡುಗಳ ಪಟ್ಟಿ, ಯಾವ ಘಟ್ಟದಲ್ಲಿ ಯಾವುದು ಬರುತ್ತದೆ ಎಂಬ ಲೆಕ್ಕ, ಇವೆಲ್ಲ ಅಭಿಮಾನಿಗಳ ವಿಕಿಗೆ ಚೆಂದ, ವಿಶ್ವಕೋಶದ ಪುಟಕ್ಕೆ ಭಾರ. ಹಳೆಯ ಆಟಗಳ ಎಷ್ಟೋ ಟ್ಯೂನ್‌ಗಳಿಗೆ ಮಾಡಿದವರು ಹೆಸರೇ ಇಟ್ಟಿರಲಿಲ್ಲ, ಈಗ ಓಡಾಡುವ ಹೆಸರುಗಳು ಆಮೇಲೆ ಯಾರೋ ಇಟ್ಟವು. ಧ್ವನಿ ತುಣುಕು ಹಾಕುವವರಿಗೂ ಒಂದು ಮಾತು. ಇಂಗ್ಲಿಷ್ ವಿಕಿಪೀಡಿಯದ ನಿಯಮದಂತೆ ಹಕ್ಕುಸ್ವಾಮ್ಯವಿರುವ ಹಾಡಿನ ತುಣುಕು 30 ಸೆಕೆಂಡ್ ಅಥವಾ ಒಟ್ಟು ಉದ್ದದ ಶೇ 10, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮೀರಬಾರದು. ಒಂದೂವರೆ ನಿಮಿಷದ ಟ್ಯೂನ್ ಆದರೆ 9 ಸೆಕೆಂಡ್. ಆ 9 ಸೆಕೆಂಡ್ ಎಲ್ಲಿಂದ ಕತ್ತರಿಸಬೇಕು ಎಂದು ನಾನೂ ಮಗಳೂ ಒಂದು ಸಂಜೆಯೆಲ್ಲ ಜಗಳವಾಡಿದ್ದೇವೆ. ಗೆದ್ದವಳು ಅವಳು.

ಇಂಥ ಸಂಗೀತಕ್ಕೆ ಪುಟವೇ ಯಾಕೆ ಎಂದು ಕೇಳುವವರಿಗೆ ಈಗ ನನ್ನ ಬಳಿ ಚಿಕ್ಕ ಉತ್ತರವಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ಮಾರಿಯೊ ಟ್ಯೂನನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಗೇಮ್ ಸಂಗೀತವೊಂದು ಆ ಪಟ್ಟಿ ಸೇರಿದ್ದು ಅದೇ ಮೊದಲು. 2025ರಲ್ಲಿ 'ಮೈನ್‌ಕ್ರಾಫ್ಟ್' ಸಂಗೀತವೂ ಸೇರಿತು.

ನಿಮ್ಮಿಂದ ನನಗೆ ಬೇಕಾದದ್ದು ಎರಡು ಸಾಲಿನ ತಿದ್ದುಪಡಿ. 'ನಮ್ಮ ಲೇಖನದ ಮಾಹಿತಿಗೆ ಆ ಆಟದ ವಿಕಿ ಪುಟವೇ ಆಧಾರವಾಗಿತ್ತು' ಎಂಬ ಮಾತೂ ಅದರಲ್ಲಿ ಇದ್ದರೆ ಇನ್ನೂ ಒಳ್ಳೆಯದು, ಆಗ ಆ ಸೌಜನ್ಯದ ಸಂಪಾದಕರು 'ಸ್ವತಂತ್ರ ಮೂಲ' ಎನ್ನುವುದನ್ನು ಬಿಡಲೇಬೇಕಾಗುತ್ತದೆ. ದಯವಿಟ್ಟು ಕಾಗದದ ಆವೃತ್ತಿಯಲ್ಲೇ ಹಾಕಿ, ಪುಟ ಸಂಖ್ಯೆ ಬೇಕು. ಲಗತ್ತಿಸಿದ ಹಾಳೆಯಲ್ಲಿ ಸಂಯೋಜಕರ ಹೆಸರಿನ ಎರಡನೇ ಅಕ್ಷರ ದೀರ್ಘ. ಅಚ್ಚಿಗೆ ಹೋಗುವ ಮುನ್ನ ಕರಡು ನನಗೆ ಒಮ್ಮೆ ತೋರಿಸಿದರೆ ಬೇಸರವಿಲ್ಲ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಕರಡು ತಿದ್ದುಗ