ಯಾವ ನಿಯಮ, ಯಾವ ದಿನಾಂಕದ್ದು? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಮುಂಬಯಿಯ ಕಟ್ಟಡ ನಿಯಮಗಳ ಇಂದಿನ ಪಠ್ಯ ಒಂದೇ ಕಡೆ ಸಿಗುವುದಿಲ್ಲ ಎಂಬುದೇ ಈ ಪತ್ರದ ವಿಷಯ. ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟು, ಮೊಹರು ಹಾಕಿದ ಸ್ವೀಕೃತಿಯನ್ನೂ ಪಡೆದಿದ್ದೇನೆ. ಅದನ್ನೇ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಚುನಾವಣೆಗೆ ಮುಂಚೆ ನೀವು ನಮ್ಮ ಕನ್ನಡ ಸಂಘದ ಸಭಾಂಗಣಕ್ಕೆ ಬಂದು, ಶಾಲು ಹೊದೆಸಿಕೊಂಡು, ‘ಎಲ್ಲರೂ ಚೆನ್ನಾಗಿದ್ದೀರಾ’ ಎಂದು ಕನ್ನಡದಲ್ಲೇ ಕೇಳಿದಿರಿ. ಆಗ ನಾವು ಚಪ್ಪಾಳೆ ತಟ್ಟಿದೆವೇ ಹೊರತು ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ. ಅಲ್ಲದೆ ಘಾಟ್ಕೋಪರಿನಿಂದ ಡೊಂಬಿವಲಿಯವರೆಗೆ ಹೌಸಿಂಗ್ ಸೊಸೈಟಿಗಳ ಕಾರ್ಯದರ್ಶಿ, ಖಜಾಂಚಿ ಎಂಬ ಬಿಟ್ಟಿ ಚಾಕರಿ ಹೊತ್ತ ನಮ್ಮವರು ಬಹಳ ಮಂದಿ ಇದ್ದಾರೆ, ಅವರೂ ಓದಲಿ.

ನಾನು ಫೋರ್ಟಿನ ಕ್ಯಾಂಟೀನೊಂದರಲ್ಲಿ ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಎಸ್.ಎಸ್.ಸಿ. ಮುಗಿಸಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ನಮ್ಮ ಕಟ್ಟಡ 1986ರದು, ಏಳು ಮಹಡಿ, 28 ಮನೆ. ಮಳೆಗಾಲದಲ್ಲಿ ಜಿನುಗದ ಗೋಡೆ ಯಾವುದೆಂದು ಹುಡುಕಬೇಕು. ಹೀಗಾಗಿ ಎರಡು ವರ್ಷದಿಂದ ಪುನರಾಭಿವೃದ್ಧಿಯ, ಅಂದರೆ ಹಳೆಯದನ್ನು ಕೆಡವಿ ಹೊಸದು ಕಟ್ಟುವ, ಮಾತು ನಡೆದಿದೆ, ಬಿಲ್ಡರುಗಳು ಬಣ್ಣದ ಪುಸ್ತಿಕೆ ಹಿಡಿದು ಬರುತ್ತಿದ್ದಾರೆ. ಮೂರನೆಯ ಮಹಡಿಯ ಅಜ್ಜಿಯ ಪ್ರಶ್ನೆ ಮಾತ್ರ ಒಂದೇ: ‘ಕಾನೂನಿನ ಪ್ರಕಾರ ನನಗೆಷ್ಟು ಜಾಗ ಬರಬೇಕು? ಬಿಲ್ಡರ್ ಹೇಳುವುದು ಬೇಡ, ಕಾನೂನು ಹೇಳುವುದನ್ನು ಹೇಳು.’

ಕಟ್ಟಡದ ನಿಯಮಗಳು ಅಂತರ್ಜಾಲದಲ್ಲಿವೆ, ಎರಡು ದಿನದಲ್ಲಿ ಓದಿ ಹೇಳುತ್ತೇನೆ ಎಂದೆ. ಲೆಡ್ಜರಿನವನ ಜಂಬ.

ಪುಣೆಯಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿದೆ. ಅವನು ಅರ್ಧ ಗಂಟೆಯೊಳಗೆ ‘ಏಕೀಕೃತ ಅಭಿವೃದ್ಧಿ ನಿಯಂತ್ರಣ ಮತ್ತು ಉತ್ತೇಜನ ನಿಯಮಾವಳಿ’ ಕಳಿಸಿದ. 2020ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದದ್ದು, ಯು.ಡಿ.ಸಿ.ಪಿ.ಆರ್. ಎಂದರೆ ನಿಮಗೆ ಬೇಗ ತಿಳಿಯುತ್ತದೆ. ಹೆಸರಿನಲ್ಲೇ ಏಕೀಕೃತ ಎಂದಿದೆ, ಮೇಲೆ ಮಹಾರಾಷ್ಟ್ರ ಎಂದಿದೆ, ಇನ್ನೇನು ಬೇಕು? ವಸತಿ ಕಟ್ಟಡಕ್ಕೆ ಪೂರಕ ವಿಸ್ತೀರ್ಣವೆಂದು ಶೇ. 60ರವರೆಗೆ ಸಿಗುತ್ತದೆ ಎಂಬ ಸಾಲಿಗೆ ಕೆಂಪು ಗೆರೆ ಎಳೆದು, 28 ಪ್ರತಿ ಜೆರಾಕ್ಸ್ ಮಾಡಿಸಿ, ಸರ್ವಸದಸ್ಯರ ಸಭೆಯಲ್ಲಿ ಹಂಚಿದೆ. ಅಜ್ಜಿ ಹೊಸ ಅಡುಗೆಮನೆಯಲ್ಲಿ ಒರಳು ಎಲ್ಲಿಡುವುದೆಂದು ಯೋಚಿಸತೊಡಗಿದರು.

ಬಿಲ್ಡರಿನ ಕಡೆಯ ಆರ್ಕಿಟೆಕ್ಟ್ ಕಾಗದ ನೋಡಿ ನಕ್ಕ. ಕೆಟ್ಟ ನಗೆಯಲ್ಲ, ಕನಿಕರದ್ದು. ಅದು ಇನ್ನೂ ಕಷ್ಟ. ‘ಕಾಕಾ, ಇದು ಮುಂಬಯಿಗೆ ಅನ್ವಯಿಸುವುದಿಲ್ಲ. ಚೆಕ್‌ನಾಕಾ ದಾಟಿ ಠಾಣೆಗೆ ಕಾಲಿಟ್ಟರೆ ಅನ್ವಯಿಸುತ್ತದೆ. ಇಲ್ಲಿ ಇರುವುದು ಫಂಜಿಬಲ್ ಎಂಬ ಹೆಚ್ಚುವರಿ ವಿಸ್ತೀರ್ಣ, ವಸತಿಗೆ ಶೇ. 35. ಲೆಕ್ಕ ಹಾಕುವ ಬಗೆಯೇ ಬೇರೆ.’

ಮುಲುಂಡ್ ಚೆಕ್‌ನಾಕಾದಲ್ಲಿ ಲಾರಿಗಳನ್ನು ನಿಲ್ಲಿಸುತ್ತಿದ್ದ ಜಕಾತಿ, ಅಂದರೆ ಊರೊಳಗೆ ಬರುವ ಸರಕಿನ ತೆರಿಗೆ, 2017ರ ಜುಲೈಯಲ್ಲಿ ಹೋಯಿತು. ನಾಕಾದ ಈಚೆಗೊಂದು ಕಟ್ಟಡ ನಿಯಮ, ಆಚೆಗೊಂದು ನಿಯಮ ಎಂಬುದು ಮಾತ್ರ ಹಾಗೇ ನಿಂತಿದೆ. ಮುಂಬಯಿ ದಟ್ಟಣೆಯ ಊರು, ಇದಕ್ಕೆ ಬೇರೆ ನಿಯಮ ಬೇಕು, ಒಪ್ಪುತ್ತೇನೆ. ಆದರೆ ಇಡೀ ರಾಜ್ಯದ ಹೆಸರು ಹೊತ್ತ ಪುಸ್ತಕದ ಮುಖಪುಟದಲ್ಲೇ ‘ಮುಂಬಯಿಯವರು ಇದನ್ನು ಓದಬೇಡಿ’ ಎಂದು ದಪ್ಪಕ್ಷರದಲ್ಲಿ ಒಂದು ಸಾಲು ಇದ್ದಿದ್ದರೆ ಜೆರಾಕ್ಸಿನ ದುಡ್ಡೂ ನನ್ನ ಮಾನವೂ ಉಳಿಯುತ್ತಿದ್ದವು. ಹಾಗೆ ಹೇಳುವ ಮಾತು ಪುಸ್ತಕದಲ್ಲಿದೆ, ಆದರೆ ಅದನ್ನು ಕಾಣಲು ಕಾನೂನಿನ ಗದ್ಯ ಓದಿ ಪಳಗಿದ ಕಣ್ಣು ಬೇಕು.

ಮುಂಬಯಿಗೆ ಇರುವುದು ಡಿ.ಸಿ.ಪಿ.ಆರ್. 2034 ಎಂಬ ಬೇರೆಯದೇ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ. ಹೆಸರಿನಲ್ಲಿರುವುದು ಅಭಿವೃದ್ಧಿ ಯೋಜನೆ ಮುಗಿಯುವ ವರ್ಷ. ಜಾರಿಗೆ ಬಂದದ್ದು 2018ರಲ್ಲಿ, 1991ರ ನಿಯಮಗಳ ಬದಲಿಗೆ. ಅದನ್ನೂ ಹುಡುಕಿದೆ. ಸಿಗಲಿಲ್ಲವೆಂದು ದೂರುತ್ತಿಲ್ಲ, ಸ್ವಾಮಿ. ಸಿಕ್ಕಿತು. ಒಂದಲ್ಲ, ಆರು ಸಿಕ್ಕವು. 2018ರಲ್ಲೇ ಸರ್ಕಾರ ನಿಯಮಾವಳಿಯ ಬಹುಭಾಗಕ್ಕೆ ಒಮ್ಮೆ ಮಂಜೂರಾತಿ ಕೊಟ್ಟು, ತಡೆಹಿಡಿದ ಭಾಗಗಳಿಗೆ ಇನ್ನೊಮ್ಮೆ ಬೇರೆಯಾಗಿ ಕೊಟ್ಟಿತು. ಆದ್ದರಿಂದ ಮೊದಲ ಪುಸ್ತಕದಲ್ಲಿ ಓದುತ್ತಾ ಹೋದರೆ ನಡುವೆ ‘ಇ.ಪಿ.’ (ಹೊರಗಿಟ್ಟ ಭಾಗ) ಎಂಬ ಎರಡಕ್ಷರ ಬಂದು ದಾರಿ ಮುಗಿಯುತ್ತದೆ. ಮುಂದಿನದಕ್ಕೆ ಎರಡನೆಯ ಅಧಿಸೂಚನೆ ತೆರೆಯಬೇಕು. ಆಮೇಲೆ ತಿದ್ದೋಲೆ. ಆಮೇಲೆ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 37ನೆಯ ಕಲಮಿನಡಿ ಬದಲಾವಣೆಗಳು, 154ನೆಯ ಕಲಮಿನಡಿ ನಿರ್ದೇಶನಗಳು. ಒಂದು ಅಧಿಸೂಚನೆ ‘ಇಂಥ ಪದದ ಬದಲಿಗೆ ಇಂಥ ಪದವನ್ನು ಓದತಕ್ಕದ್ದು’ ಎನ್ನುತ್ತದೆ. ಎಲ್ಲಿ ಓದುವುದು? ಮೂಲ ಇನ್ನೊಂದು ಕಡತದಲ್ಲಿ, ಅದನ್ನು ಒಮ್ಮೆ ತಿದ್ದಿದ್ದು ಮತ್ತೊಂದು ಕಡತದಲ್ಲಿ. ನನಗೆ ಸಿಕ್ಕವುಗಳಲ್ಲಿ ಹಲವು ಕಾಗದವನ್ನು ಸ್ಕ್ಯಾನ್ ಮಾಡಿದ ಚಿತ್ರಗಳು. ಪದ ಹಾಕಿ ಹುಡುಕಿದರೆ ‘ಇಲ್ಲ’ ಎನ್ನುತ್ತವೆ, ಪದ ಕಣ್ಣೆದುರೇ ಇರುತ್ತದೆ. ಕೆಲವು ಮರಾಠಿ ಪುಟಗಳನ್ನು ನಕಲು ಮಾಡಿ ಅಂಟಿಸಿದರೆ ಅಕ್ಷರವೆಲ್ಲ ಕಲಸುಮೇಲೋಗರ. ಹಳೆಯ ನುಡಿ, ಬರಹ ಫಾಂಟುಗಳ ಕಾಟ ಉಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಇಂದಿನವರೆಗೆ ತಿದ್ದಿದ್ದು’ ಎಂದು ತಲೆಬರಹ ಹೊತ್ತ ಕಡತವೂ ಒಂದಿತ್ತು. ಯಾವ ಇಂದು? ತಿದ್ದಿದವರು ಯಾರು? ಸಹಿ ಇಲ್ಲ, ಮೊಹರು ಇಲ್ಲ.

ನಮಗೆ ಬೇಕಾದ ಸಾಲು ಕೊನೆಗೆ ಸಿಕ್ಕಿತು: 33(7)(ಬಿ). 30 ವರ್ಷ ದಾಟಿದ ಸೊಸೈಟಿ ಕಟ್ಟಡವನ್ನು ಮತ್ತೆ ಕಟ್ಟುವಾಗ, ಈಗಿರುವ ವಿಸ್ತೀರ್ಣದ ಶೇ. 15 ಅಥವಾ ಮನೆಯೊಂದಕ್ಕೆ 10 ಚದರ ಮೀಟರ್, ಇವೆರಡರಲ್ಲಿ ಹೆಚ್ಚಿನದು ಪ್ರೀಮಿಯಂ (ಹೆಚ್ಚುವರಿ ವಿಸ್ತೀರ್ಣಕ್ಕೆ ಕಟ್ಟುವ ಶುಲ್ಕ) ಇಲ್ಲದೆ ಪ್ರೋತ್ಸಾಹಕವಾಗಿ ಸಿಗುತ್ತದೆ. ಚಿಕ್ಕ ಮನೆಗಳೇ ತುಂಬಿದ ನಮ್ಮಂಥ ಕಟ್ಟಡಕ್ಕೆ ಎರಡನೆಯ ಲೆಕ್ಕವೇ ಲಾಭ. ಬಂದ ಬಣ್ಣದ ಪುಸ್ತಿಕೆಗಳಲ್ಲಿ ಒಂದರಲ್ಲೂ ಈ ಸಾಲು ಇರಲಿಲ್ಲ. ಇನ್ನೊಂದು ಪಟ್ಟಿ ರಸ್ತೆಯ ಅಗಲದ್ದು: ಉಪನಗರದಲ್ಲಿ ಎದುರಿನ ರಸ್ತೆ 9 ಮೀಟರಿಗಿಂತ ಕಿರಿದಾದರೆ ಎಫ್.ಎಸ್.ಐ. (ನಿವೇಶನದ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕ) ಒಂದಕ್ಕೇ ನಿಲ್ಲುತ್ತದೆ, 9 ಮೀಟರ್ ಮುಟ್ಟಿದರೆ ಎರಡರವರೆಗೆ ಏರುತ್ತದೆ ಎಂದು 2018ರ ಪ್ರತಿಯಲ್ಲಿದೆ. ಬೆಳಗಿನ ಐದು ಗಂಟೆಗೆ, ರಿಕ್ಷಾಗಳು ಏಳುವ ಮುಂಚೆ, ಖಜಾಂಚಿಯೂ ನಾನೂ ಟೇಪು ಹಿಡಿದು ರಸ್ತೆ ಅಳೆದೆವು. ಹಾಲಿನವನು ನಮ್ಮನ್ನು ಪಾಲಿಕೆಯವರೆಂದು ತಿಳಿದು ಸೈಕಲ್ ತೆಗೆದ.

ಆರ್ಕಿಟೆಕ್ಟನ ಮೇಜಿನ ಮೇಲೆ ಖಾಸಗಿ ಪ್ರಕಾಶಕರೊಬ್ಬರ ದಪ್ಪ ಪುಸ್ತಕವಿತ್ತು: ಎಲ್ಲ ತಿದ್ದುಪಡಿಗಳನ್ನು ಮೂಲದೊಳಗೇ ಸೇರಿಸಿ, ಅಂಚಿನಲ್ಲಿ ದಿನಾಂಕ ಹಾಕಿದ್ದು. ಎರವಲು ಕೇಳಿದೆ. ತಿಜೋರಿಯ ಕೀಲಿ ಕೇಳಿದಂತೆ ನೋಡಿದ. ಪ್ರಕಾಶಕರ ಮೇಲೆ ನನಗೆ ಸಿಟ್ಟಿಲ್ಲ. ರಾಜ್ಯಪತ್ರದಲ್ಲಿ ಬಂದದ್ದನ್ನು ಮರುಮುದ್ರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ, ಅವರು ದುಡಿದಿದ್ದಾರೆ. ಆದರೆ ಇವತ್ತಿನ ಕಾನೂನು ಏನೆಂದು ತಿಳಿಯಲು ಅಂಗಡಿಗೆ ಹೋಗಬೇಕೆಂದರೆ, ಬಿಲ್ಡರ್ ಹೋಗುತ್ತಾನೆ, ಅಜ್ಜಿ ಹೋಗುವುದಿಲ್ಲ. ನಮ್ಮ ಸಭೆಯಲ್ಲಿ ಮೇಜಿನ ಆ ಬದಿಗೆ ಪುಸ್ತಕವಿತ್ತು, ಈ ಬದಿಗೆ ಕೆಂಪು ಗೆರೆ ಎಳೆದ ತಪ್ಪು ಜೆರಾಕ್ಸ್ ಇತ್ತು.

ದೆಹಲಿಯ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಿಂದ ಇದೆ. 1983, 2005, 2016ರಲ್ಲಿ ಪರಿಷ್ಕರಣೆಯಾಯಿತು. ಬೆಂಕಿಯ ಸುರಕ್ಷತೆಯ ನಿಯಮಗಳು ಅದನ್ನೇ ನೆಚ್ಚಿಕೊಂಡಿವೆ. ರಾಜ್ಯದ 2006ರ ಅಗ್ನಿ ಸುರಕ್ಷತಾ ಕಾಯ್ದೆಯಡಿ ಪ್ರತಿ ಜನವರಿ, ಜುಲೈಯಲ್ಲಿ ಬೆಂಕಿ ನಂದಿಸುವ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ‘ನಮೂನೆ ಬಿ’ ಪ್ರಮಾಣಪತ್ರ ಸಲ್ಲಿಸುವವನು ನಾನು. ಬೆಂಕಿ ಬಿದ್ದರೆ ಪೊಲೀಸರು ಮೊದಲು ಕರೆಯುವುದೂ ನನ್ನನ್ನೇ. ಆ ಸಂಹಿತೆಯನ್ನು ಭಾರತೀಯ ಮಾನಕ ಬ್ಯೂರೋ ಬಹುಕಾಲ ಬೆಲೆಗೆ ಮಾರುತ್ತಿತ್ತು. ಕಾರ್ಲ್ ಮಾಲಮುಡ್ ಎಂಬ ಅಮೆರಿಕದವರು ನಮ್ಮ ಮಾನಕಗಳನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಇಟ್ಟದ್ದಕ್ಕೆ ಬ್ಯೂರೋ ಆಕ್ಷೇಪಿಸಿತು. 2015ರಲ್ಲಿ ವಿಷಯ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಈಗ ಅದೇ ಬ್ಯೂರೋದ ತಾಣದಲ್ಲಿ ಹೆಸರು ನೋಂದಾಯಿಸಿದರೆ ಭಾರತೀಯ ಮಾನಕಗಳನ್ನು ಹಣ ಕೊಡದೆ ಇಳಿಸಿಕೊಳ್ಳಬಹುದು. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ತಾಣದಲ್ಲಿ ತಿದ್ದುಪಡಿ ಸಮೇತ ಒಂದೇ ಪಠ್ಯವಾಗಿ ಸಿಗುತ್ತವೆ, ಯಾವ ಪದ ಯಾವಾಗ ಸೇರಿತೆಂದು ಅಡಿಟಿಪ್ಪಣಿ ಹೇಳುತ್ತದೆ. ಆದ್ದರಿಂದ ‘ಆಗದ ಕೆಲಸ’ ಎಂದು ಯಾರಾದರೂ ಅಧಿಕಾರಿ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ.

ನಾನು ಕೇಳುವುದು ಇಷ್ಟೇ. ವಿಧಾನಸಭೆಯಲ್ಲಿ ನಗರಾಭಿವೃದ್ಧಿ ಇಲಾಖೆಗೆ ಸದನದಲ್ಲೇ ಬಾಯಿಮಾತಿನ ಉತ್ತರ ಬೇಡುವ ಒಂದು ತಾರಾಂಕಿತ ಪ್ರಶ್ನೆ ಹಾಕಿ: ಮುಂಬಯಿಯ ಕಟ್ಟಡ ನಿಯಮಾವಳಿ ಈ ದಿನಾಂಕದಂದು ಹೇಗಿದೆಯೋ ಹಾಗೆ, ಅಧಿಕಾರಿಯ ದೃಢೀಕರಣ ಸಹಿತ, ಹುಡುಕಲು ಬರುವ ಅಕ್ಷರದಲ್ಲಿ, ಒಂದೇ ಕಡೆ ಎಂದಿನಿಂದ ಸಿಗುತ್ತದೆ? ಹೊಸ ಅಧಿಸೂಚನೆ ಹೊರಟ ದಿನವೇ ಆ ಪಠ್ಯವೂ ಬದಲಾಗಲಿ. ಹಳೆಯದನ್ನು ಅಳಿಸದೆ ಪಕ್ಕದಲ್ಲಿಡಲಿ, ಏಕೆಂದರೆ 2021ರಲ್ಲಿ ಅನುಮತಿ ಪಡೆದವನಿಗೆ 2021ರ ಸಾಲು ಬೇಕು. ಇಂಗ್ಲಿಷಿನ ಜೊತೆ ಮರಾಠಿಯಲ್ಲೂ ಇರಲಿ. ಕನ್ನಡದಲ್ಲಿ ಕೇಳುವಷ್ಟು ದುರಾಸೆ ನನಗಿಲ್ಲ, ಅಜ್ಜಿ ನನಗಿಂತ ಚೆನ್ನಾಗಿ ಮರಾಠಿ ಓದುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಜನ ಅರ್ಜಿ ಹಿಡಿದು ಅಲೆಯದಂತೆ ಸರ್ಕಾರ ತಾನಾಗಿಯೇ, ಅಂತರ್ಜಾಲದಲ್ಲೂ, ಸ್ಥಳೀಯ ಭಾಷೆಯನ್ನು ಗಮನಿಸಿ ಮಾಹಿತಿ ಕೊಡಬೇಕೆನ್ನುತ್ತದೆ. ಹೊಸ ಕಾನೂನೇನೂ ಬೇಡ.

ಅಷ್ಟರವರೆಗೆ ನನ್ನದೇ ಒಂದು ಪ್ರತಿ ಮಾಡಿಕೊಂಡಿದ್ದೇನೆ. 2018ರ ಎರಡೂ ಅಧಿಸೂಚನೆ ಮುದ್ರಿಸಿ, ನನ್ನ ಕೈಗೆ ಸಿಕ್ಕ ತಿದ್ದುಪಡಿಗಳನ್ನು ಕತ್ತರಿಸಿ, ಆಯಾ ಸಾಲಿನ ಮೇಲೆ ಗೋಂದಿನಿಂದ ಅಂಟಿಸಿದ್ದೇನೆ. ಹಳೆಯ ಜಮಾಖರ್ಚಿನ ಪುಸ್ತಕದಂತೆ ಉಬ್ಬಿ, ದಾರ ಕಟ್ಟಿ ಇಡಬೇಕಾಗಿದೆ. ನೀವು ಸಮಯ ಕೊಟ್ಟರೆ ತಂದು ತೋರಿಸುತ್ತೇನೆ. ಬಿಟ್ಟುಹೋಗಲು ಮಾತ್ರ ಆಗುವುದಿಲ್ಲ. ಬರುವ ಭಾನುವಾರ ಬಿಲ್ಡರ್ ಕರಾರಿನ ಕರಡು ತರುತ್ತಾನೆ.

ಇತಿ ನಿಮ್ಮ ಮತದಾರ,
ಹೌಸಿಂಗ್ ಸೊಸೈಟಿಯೊಂದರ ಕಾರ್ಯದರ್ಶಿ
ಮುಂಬಯಿ