ಮಲ್ಲಯ್ಯನ ದಾರಿ: ಮೊದಲ ಸಲ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಬಸೂ,

ಶರಣು. ಬರುವ ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ (ಮಲ್ಲಿಕಾರ್ಜುನನ) ಹತ್ತಿರ ನಡೆದು ಹೋಗುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಜೊತೆಗೆ ಬರಬೇಕಿತ್ತು. ಆದರೆ ಮನೆಯವಳಿಗೆ ಅದೇ ಹೊತ್ತಿಗೆ ದಿನ ತುಂಬುತ್ತವೆ, ಬಿಟ್ಟು ಬರುವಂತಿಲ್ಲ. ನಾಲ್ಕು ಸಲ ನಡೆದವನು ನಾನು. ದಾರಿ ಹೇಗಿರುತ್ತದೆ ಅಂತ ನೀನು ಕೇಳಿದ್ದಕ್ಕೆ ಎರಡು ಮಾತು ಹೇಳಿ ಫೋನ್ ಇಟ್ಟೆ, ಆಮೇಲೆ ರಾತ್ರಿಯೆಲ್ಲ ಸಮಾಧಾನ ಇಲ್ಲ. ಅದಕ್ಕೇ ಬರೆಯಲು ಕೂತೆ. ಹೊಸದಾಗಿ ಹೊರಟವರು ಇನ್ನೂ ಇರುತ್ತಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಶ್ರೀಶೈಲದ ಸುತ್ತಲಿನ ನಲ್ಲಮಲ ಕಾಡಿನ ಹೆಸರು ಹೇಳಿ ನಿನ್ನನ್ನು ಎಲ್ಲರೂ ಹೆದರಿಸುತ್ತಾರೆ. ನಾನು ಕಂಡಂತೆ, ಅರ್ಧಕ್ಕೇ ಬಸ್ ಹತ್ತಿದವರೆಲ್ಲ ಕಾಡು ಮುಟ್ಟುವ ಮೊದಲೇ ಡಾಂಬರಿನ ಮೇಲೆ ಕಾಲು ಕೆಡಿಸಿಕೊಂಡವರು. ಇಳಕಲ್ಲಿನಿಂದ ಹೊರಟರೆ 300 ಕಿ.ಮೀ.ಗಿಂತ ಹೆಚ್ಚು ನಡೆಯಬೇಕು. ಅದರಲ್ಲಿ ಕಾಡಿನ ದಾರಿ ಕೊನೆಯ ಎರಡು ದಿನದ್ದಷ್ಟೇ, ಮಿಕ್ಕದ್ದೆಲ್ಲ ಟಾರು ರಸ್ತೆ. ಮಾರ್ಚ್ ತಿಂಗಳ ಬಿಸಿಲಿಗೆ ಹನ್ನೊಂದು ಗಂಟೆ ಹೊತ್ತಿಗೆಲ್ಲ ಅದು ಕಾದ ಹಂಚು. ರೊಟ್ಟಿ ಹಾಕಿದರೆ ಸುಡುವಷ್ಟು.

ಮುದಗಲ್ಲು, ಲಿಂಗಸುಗೂರು ತನಕ ಸಣ್ಣ ಏರು, ಸಣ್ಣ ಇಳಿವು. ಕೆಂಪು ಗರಸಿನ ಅಂಚು ಸಿಗುತ್ತದೆ, ಅದರ ಮೇಲೆ ನಡಿ. ಮುಂದೆ ಎರೆಭೂಮಿ ಬಂತೆಂದರೆ ಅಂಚಿನ ಆಸೆ ಬಿಡು. ಒಣಗಿ ಬಿರಿತ ಎರೆ, ಹೆಂಟೆ ಹೆಂಟೆ, ಪಾದ ಹೊರಳುತ್ತದೆ. ಅಲ್ಲಿ ಟಾರೇ ವಾಸಿ. ಆದರೆ ಒಂದು ಮಾತು ಯಾರೂ ಹೇಳುವುದಿಲ್ಲ: ರಸ್ತೆಯ ನಡು ಉಬ್ಬು, ಅಂಚು ಇಳಿಜಾರು. ದಿನಪೂರ್ತಿ ಒಂದೇ ಮಗ್ಗುಲಲ್ಲಿ ನಡೆದರೆ ಒಂದು ಕಾಲು ಗಿಡ್ಡವಾದಂತೆ ಸೊಂಟ ಹಿಡಿಯುತ್ತದೆ. ಮೊದಲ ವರ್ಷ ನನಗೆ ಮೂರನೇ ದಿನಕ್ಕೇ ಎಡ ಮೊಣಕಾಲು ಬಾತಿತ್ತು, ಕಾರಣ ತಿಳಿದದ್ದು ಎರಡನೇ ವರ್ಷ. ಹಗಲು, ಗಾಡಿ ಕಡಿಮೆ ಇದ್ದಲ್ಲಿ, ತಾಸಿಗೊಮ್ಮೆ ಮಗ್ಗುಲು ಬದಲಿಸು. ರಾತ್ರಿ ಮಾತ್ರ ಎದುರಿನ ಗಾಡಿ ಕಣ್ಣಿಗೆ ಬೀಳುವಂತೆ ಬಲಕ್ಕೇ ಇರು.

ಸಿರವಾರ, ಮಾನ್ವಿ ಕಡೆ ಕಾಲುವೆ ನೀರಿನ ಭತ್ತದ ಗದ್ದೆ ಬರುತ್ತವೆ. ನಸುಕಿನಲ್ಲಿ ಅಲ್ಲಿ ನಡೆಯುವುದೇ ಒಂದು ಸುಖ, ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಆಮೇಲೆ ತುಂಗಭದ್ರೆ ದಾಟಿ ಮಂತ್ರಾಲಯ, ಎಮ್ಮಿಗನೂರು, ಕರ್ನೂಲು. ಈ ಭಾಗ ನೇರ, ಬಯಲು, ನೆರಳು ಕಡಿಮೆ. ಹೇಳುವಂಥದ್ದೇನಿಲ್ಲ, ಬೇಗ ಎದ್ದು ಬೇಗ ಮುಗಿಸು.

ಚಂದ್ರನ ಲೆಕ್ಕ ಮರೆಯಬೇಡ. ಯುಗಾದಿ ಬರುವುದು ಅಮಾವಾಸ್ಯೆಯ ಮಾರನೇ ದಿನ. ಹೋಳಿ ಹುಣ್ಣಿಮೆ ಮುಗಿಸಿ ಎರಡು ಮೂರು ದಿನಕ್ಕೆ ಹೊರಟರೆ ಮೊದಮೊದಲು ರಾತ್ರಿ ಬೆಳದಿಂಗಳು ಸಿಗುತ್ತದೆ, ಬ್ಯಾಟರಿ ಬೇಕಿಲ್ಲ. ದಿನ ಕಳೆದಂತೆ ಚಂದ್ರ ತಡವಾಗಿ ಮೂಡುತ್ತಾನೆ. ನೀನು ಕಾಡು ಹೊಗುವ ಹೊತ್ತಿಗೆ ಇಡೀ ರಾತ್ರಿ ಗವ್ವೆನ್ನುವ ಕತ್ತಲೆ. ಆದ್ದರಿಂದ ಮೊದಲ ವಾರ ರಾತ್ರಿ ಹೆಚ್ಚು ನಡೆದು ಮೈ ಉಳಿಸಿಕೋ, ಕಾಡಿನಲ್ಲಿ ಹಗಲೇ ನಡಿ. ಅದು ಹುಲಿ ಸಂರಕ್ಷಿತ ಪ್ರದೇಶ. ಕರಡಿ, ಚಿರತೆ ಎಲ್ಲವೂ ಇವೆ. ಗುಂಪು ಬಿಡಬೇಡ, ಫೋನಿನ ಸಿಗ್ನಲ್ ನಂಬಬೇಡ.

ಕಾಲಿಗೆ ಗುಳ್ಳೆ ಏಳುವುದು ಖಂಡಿತ. ಮಲಗುವ ಮುಂಚೆ ಪಾದ ತೊಳೆದು, ಒರೆಸಿ, ಬೆರಳ ಸಂದಿಗೂ ಔಡಲೆಣ್ಣೆ ಹಚ್ಚು. ಹೊಸ ಬೂಟು ಬೇಡವೇ ಬೇಡ, ಆರು ತಿಂಗಳು ಹಾಕಿ ಮೆತ್ತಗಾದದ್ದನ್ನೇ ತಾ. ನಮ್ಮೂರವರು ಬರಿಗಾಲಲ್ಲೇ ಬರುತ್ತಾರೆ, ಮರಗಾಲು ಕಟ್ಟಿಕೊಂಡು ನಡೆಯುವವರನ್ನೂ ನೋಡುತ್ತೀ. ಅವರನ್ನು ಕಂಡು ನೀನು ಬೂಟು ಬಿಚ್ಚಬೇಡ. ಅವರ ಪಾದ ಹೊಲದಲ್ಲಿ ಪಳಗಿದ್ದು, ನಿನ್ನದು ಬೆಂಗಳೂರಿನಲ್ಲಿ ಕುರ್ಚಿಯ ಕೆಳಗೆ ಇದ್ದದ್ದು. ಮಲ್ಲಯ್ಯ ಇದಕ್ಕೆ ಸಿಟ್ಟಾಗುವುದಿಲ್ಲ.

ಆತ್ಮಕೂರು ದಾಟಿ ವೆಂಕಟಾಪುರದ ಆಚೆ ಕಾಡು ಶುರು. ಅಲ್ಲಿ ಮಣ್ಣಿನ ಮೇಲೆ ಇಟ್ಟ ಮೊದಲ ಹೆಜ್ಜೆಗೆ ಪಾದ ತಾನೇ ಹಗುರಾಗುತ್ತದೆ. ನಾಗಲೂಟಿಯ ವೀರಭದ್ರನಿಗೆ ಕೈ ಮುಗಿದು ಮುಂದೆ ಸಾಗಿದರೆ ದಾರಿ ಏರುತ್ತಾ ಹೋಗುತ್ತದೆ. ತೇಗ, ಬಿದಿರು ಎಲ್ಲ ಎಲೆ ಉದುರಿಸಿ ನಿಂತಿರುತ್ತವೆ, ನೆರಳು ಸಿಕ್ಕೀತೆಂದು ನಂಬಬೇಡ. ಆ ತರಗೆಲೆಯ ಅಡಿಯಲ್ಲೇ ಅಪಾಯ: ಗುಂಡಗಿನ ಸಡಿಲ ಕಲ್ಲು ಮುಚ್ಚಿರುತ್ತವೆ, ಮೆಟ್ಟಿದರೆ ಜಾರುತ್ತವೆ. ಕೈಯಲ್ಲಿ ಎದೆಮಟ್ಟದ ಬಡಿಗೆ ಇರಲಿ. ಪೆದ್ದಚೆರುವಿನ ಕೆರೆ ದಂಡೆಯಲ್ಲಿ ಒಂದು ರಾತ್ರಿ ಇಳಿದುಕೋ. ಅಲ್ಲಿ ಈ ಕಾಡಿನ ಬುಡಕಟ್ಟಿನವರಾದ ಚೆಂಚು ಜನರ ಗುಡಿಸಲುಗಳಿವೆ. ಅವರ ಅಂಗಳ ತುಳಿಯದೆ, ಗದ್ದಲ ಮಾಡದೆ ಇರಿ. ಮಲ್ಲಯ್ಯ ನಮ್ಮ ಅಳಿಯ ಅಂತ ನಾವಂದುಕೊಂಡ ಹಾಗೆ ಅವರೂ ಅಂದುಕೊಂಡಿದ್ದಾರೆ.

ಮಠಂಬಾವಿ ದಾಟಿದ ಮೇಲೆ ಭೀಮನ ಕೊಳ್ಳ. ಇಡೀ ದಾರಿಯಲ್ಲಿ ನಿನ್ನ ಬಗ್ಗೆ ನನಗೆ ಚಿಂತೆ ಇರುವುದು ಈ ಒಂದು ಜಾಗದಲ್ಲಿ. ಆಳದ ಕಣಿವೆ, ಕಲ್ಲಿನ ಮೆಟ್ಟಿಲಲ್ಲಿ ಪೂರ್ತಿ ಇಳಿದು, ಆಚೆ ಬದಿ ಮತ್ತೆ ಅಷ್ಟೇ ಕಡಿದಾಗಿ ಏರಬೇಕು. ಮೆಟ್ಟಿಲು ಒಂದು ಗೇಣೆತ್ತರ, ಮುಂದಿನದು ಮೊಣಕಾಲೆತ್ತರ, ಒಂದರಂತೆ ಒಂದಿಲ್ಲ. ಲಕ್ಷಾಂತರ ಪಾದ ಸವೆಸಿ ಅವುಗಳ ನಡು ತಗ್ಗಾಗಿ ನುಣುಪಾಗಿದೆ. ಎರಡನೇ ವರ್ಷ ನಾನು ಏರುವುದಕ್ಕೇ ಹೆದರಿ, ಇಳಿಯುವುದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸರಸರ ಇಳಿದೆ. ಅರ್ಧಕ್ಕೆ ತೊಡೆ ಗಡಗಡ ನಡುಗಲು ಶುರುವಾಯಿತು, ಕಾಲು ಎತ್ತಿಟ್ಟಲ್ಲಿ ನಿಲ್ಲುತ್ತಿಲ್ಲ. ಹಿಂದಿನಿಂದ ಬಂದ ಒಬ್ಬ ಮುದುಕಿ, ತಲೆ ಮೇಲೆ ಗಂಟು, ನನ್ನ ರಟ್ಟೆ ಹಿಡಿದು ಕೂಡಿಸಿದಳು. "ನೆಟ್ಟಗ ಇಳೀಬ್ಯಾಡ ತಮ್ಮಾ, ಅಡ್ಡ ತಿರುಗಿ ಇಳಿ. ಮದಲ ಬಡಿಗಿ ಊರು, ಆಮ್ಯಾಗ ಕಾಲು ಇಡು" ಅಂದಳು. ಹಾಗೆ ಹೇಳಿ ತಾನೇ ಒಂದು ಮೆಟ್ಟಿಲು ಇಳಿದು ತೋರಿಸಿದಳು: ಬಡಿಗೆ, ಎಡಗಾಲು, ಅದರ ಪಕ್ಕಕ್ಕೆ ಬಲಗಾಲು, ಒಂದು ಉಸಿರು. ಅವಳ ಹಿಂದೆಯೇ ನಾನೂ ತಳ ಮುಟ್ಟಿದೆ. ನೀನೂ ಹಾಗೇ ಇಳಿ. ಮೆಟ್ಟಿಲಿನ ಅಂಚಿಗೆ ಪಾದ ಇಡು, ನುಣುಪಾದ ನಡುವಿಗೆ ಬೇಡ. ಹೆಗಲ ಮೇಲೆ ಮಲ್ಲಯ್ಯನ ಕಂಬಿ (ಕಾವಡಿ) ಹೊತ್ತವರು ಬಂದರೆ ಗುಡ್ಡದ ಕಡೆಗೆ ಸರಿದು ದಾರಿ ಬಿಡು, ಕಣಿವೆಯ ಕಡೆಗಲ್ಲ.

ಏರು ಮುಗಿಸಿ ಕೈಲಾಸ ಬಾಗಿಲ ಕೆಳಗೆ ನಿಂತಾಗ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ, ನೀನೇ ಬಂದು ಹೇಳು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಈ ಬೆಟ್ಟಕ್ಕೆ ನಡೆದು ಬಂದ ಅಕ್ಕಮಹಾದೇವಿ ನನಗೆ ಅಲ್ಲಿ ಪ್ರತಿಸಲ ನೆನಪಾಗುತ್ತಾಳೆ.

ಇನ್ನೊಂದು ಬೇಡಿಕೆ, ಕೈ ಮುಗಿದು ಕೇಳುತ್ತೇನೆ. ದಾರಿಯುದ್ದಕ್ಕೂ ದಾಸೋಹದವರು ಅನ್ನ, ಮಜ್ಜಿಗೆ, ನೀರು ಕೊಡುತ್ತಾರೆ. ಆ ನೀರಿನ ಪ್ಲಾಸ್ಟಿಕ್ ಪಾಕೀಟು, ಬಾಟಲಿ ಕಾಡಿನಲ್ಲಿ ಬಿಸಾಡಿ ಹೋಗುವವರು ನಮ್ಮ ಜನವೇ. ನೋಡಿದರೆ ಕರುಳು ಚುರ್ ಅನ್ನುತ್ತದೆ. ಸ್ಟೀಲಿನ ಬಾಟಲಿ ಒಯ್ಯಿ. ಗುಂಪಿನಲ್ಲಿ ಯಾರಾದರೂ ಬೀಡಿ ಸೇದಿದರೆ ತುಂಡು ನೆಲಕ್ಕೆ ಹಾಕಲು ಬಿಡಬೇಡ. ಆ ತರಗೆಲೆಗೆ ಒಂದು ಕಿಡಿ ಸಾಕು.

ನಮ್ಮವ್ವ ಮಲ್ಲಯ್ಯನ ಮಡದಿ ಭ್ರಮರಾಂಬೆಗೆ ಇಳಕಲ್ ಸೀರೆ ತಂದಿಟ್ಟಿದ್ದಾಳೆ. ಭ್ರಮರಾಂಬೆ ನಮ್ಮ ಕಡೆಯ ಮಗಳಲ್ಲವೇ, ಯುಗಾದಿಗೆ ತವರಿನಿಂದ ಸೀರೆ, ಕುಂಕುಮ ಹೋಗಲೇಬೇಕು. ಈ ಸಲ ಅದನ್ನು ನಿನ್ನ ಕೈಯಲ್ಲಿ ಕೊಡುತ್ತಾಳಂತೆ. ಬೆವರು ತಾಗದಂತೆ ಎರಡು ಸುತ್ತು ಟವೆಲಿನಲ್ಲಿ ಕಟ್ಟಿ, ಚೀಲದ ತಳಕ್ಕೆ ಇಟ್ಟುಕೋ; ಮೇಲ್ಗಡೆ ಹಾಕಿದರೆ ಭೀಮನ ಕೊಳ್ಳದಲ್ಲಿ ನೀರು, ರೊಟ್ಟಿ ತೆಗೆಯುವಾಗ ಪ್ರತಿಸಲ ಹೊರಗೆ ಬರುತ್ತದೆ. ಹೊರಡುವ ಹಿಂದಿನ ದಿನ ಸಂಜೆಯೇ ಮನೆಗೆ ಬಾ. ಊಟ ಇಲ್ಲೇ.

ನಿನ್ನ,
ಮಲ್ಲು