ಕಾನೂನು ವಿದ್ಯಾರ್ಥಿಗಳಿಗೆ ಕನ್ನಡದ ಹೊಸ ಪುಸ್ತಕ ಬೇಕು

ಮಾನ್ಯರೇ,

ಕ್ರಿಮಿನಲ್ ಕಾನೂನು ಬದಲಾಗಿದ್ದರೂ, ಕನ್ನಡದಲ್ಲಿ ಎಲ್‌ಎಲ್‌ಬಿ ಓದುವ ನಮ್ಮ ಭಾಗದ ಮಕ್ಕಳು ಹಳೆಯ ಪುಸ್ತಕ ಹಿಡಿದೇ ಕ್ಲಾಸಿಗೆ ಹೋಗುತ್ತಿದ್ದಾರೆ.

2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ), ಸಾಕ್ಷ್ಯ ಕಾಯ್ದೆಗಳ ಜಾಗಕ್ಕೂ ಹೊಸವು ಬಂದಿವೆ. ಕರಾರು ಕಾಯ್ದೆ, ಆಸ್ತಿ ವರ್ಗಾವಣೆ ಕಾಯ್ದೆಗೆ ಹಳೆಯ ಪುಸ್ತಕ ಹೇಗೋ ನಡೆಯುತ್ತದೆ. ಈ ಮೂರಕ್ಕೆ ನಡೆಯುವುದಿಲ್ಲ.

ಕಲಬುರಗಿಯಲ್ಲಿ ಓದುತ್ತಿರುವ ನನ್ನ ಮಗಳು ಸೀನಿಯರ್ ಒಬ್ಬರಿಂದ ತಂದ ಪುಸ್ತಕದಲ್ಲಿ ಕೊಲೆಯ ಹಳೆ ಕಲಮು 302ರ ಪಕ್ಕ ಹೊಸ 103, ವಂಚನೆಯ 420ರ ಪಕ್ಕ 318 ಎಂದು ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಾಳೆ. ಸುಮ್ನೆ ನಂಬರ್ ಬದಲಾಗಿದ್ದರೆ ಅಷ್ಟು ಸಾಕಿತ್ತು. ಸಣ್ಣ ಅಪರಾಧಕ್ಕೆ ಸಮುದಾಯ ಸೇವೆಯ ಶಿಕ್ಷೆ, ಸಂಘಟಿತ ಅಪರಾಧದ ಹೊಸ ಕಲಮು, ಇವೆಲ್ಲ ಆ ಪುಸ್ತಕದಲ್ಲಿ ಎಲ್ಲಿವೆ? ಹಾಗಂತ ಅದನ್ನು ರದ್ದಿಗೆ ಹಾಕುವಂತೆಯೂ ಇಲ್ಲ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಗಳಿಗೆ ಈಗಲೂ ಐಪಿಸಿಯೇ ಲಾಗೂ. ಅಂದರೆ ಮಕ್ಕಳು ಎರಡನ್ನೂ ಓದಬೇಕು, ಹೊರೆ ಜಾಸ್ತಿ. ನಾಳೆ ಇವರು ವಾದ ಮಾಡುವುದು ಸೇಡಂ, ಆಳಂದ, ಶಹಾಪುರದ ಕೋರ್ಟುಗಳಲ್ಲಿ. ಅಲ್ಲಿ ಕಕ್ಷಿದಾರ ಪ್ರಶ್ನೆ ಕೇಳುವುದು ಕನ್ನಡದಲ್ಲೇ ಅಲ್ವಾ?

ಹಳೆ, ಹೊಸ ಕಲಮುಗಳನ್ನು ಎದುರುಬದುರು ಇಟ್ಟು, ಉದಾಹರಣೆ ಸಮೇತ ವಿವರಿಸುವ ಕನ್ನಡ ಕೈಪಿಡಿಯೊಂದನ್ನು ವಿಶ್ವವಿದ್ಯಾಲಯ ಕಡಿಮೆ ದರದಲ್ಲಿ ತರಲಿ. ಅಲ್ಲಿಯವರೆಗೆ ಕಾಲೇಜುಗಳು ಇಲ್ಲಿನ ಹೈಕೋರ್ಟ್ ಪೀಠದ ವಕೀಲರನ್ನು ಶನಿವಾರ ಕರೆಸಿ ಎರಡು ತಾಸು ಪಾಠ ಮಾಡಿಸಬಹುದು.

– ಒಬ್ಬ ಪೋಷಕ, ಕಲಬುರಗಿ